ಹೆಸರಿನೊಳಗೆ ಅಡಗಿದ ಬೈಗುಳ

ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದಲ್ಲಿ ಸ್ಕನ್‌ಥಾರ್ಪ್ ಎಂಬ ಊರಿದೆ. ತನ್ನ ನೆಲದಲ್ಲಿಯೇ ದೊರೆತ ಅದಿರಿನಿಂದ ಉಕ್ಕನ್ನು ಮಾಡುತ್ತ ದೊಡ್ಡದಾದ ಈ ಊರಿನ ಹೆಸರಿನ ಪೂರ್ವರೂಪವು 1086ರಲ್ಲಿ ಆ ದೇಶದ ಅರಸನು ಬರೆಯಿಸಿದ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲಿಯೇ ಕಾಣುತ್ತದೆ. ಒಂಬತ್ತು ಶತಮಾನಗಳ ಕಾಲ ಯಾರ ಕಿವಿಗೂ ಕಠೋರವೆನಿಸದಿದ್ದ ಈ ಹೆಸರನ್ನು, 1996ರಲ್ಲಿ ಅಮೆರಿಕದ ಎಒಎಲ್ ಸಂಸ್ಥೆಯ ಅಂತರ್ಜಾಲ ಸೇವೆಗೆ ಸೇರಲು ಹೊರಟ ಅಲ್ಲಿನ ನಿವಾಸಿಗಳು ತಮ್ಮ ಊರೆಂದು ನಮೂದಿಸಿದಾಗ, ಯಂತ್ರವು ಅಶ್ಲೀಲವೆಂದು ತಿರಸ್ಕರಿಸಿತು. ರೋಮನ್ ಲಿಪಿಯಲ್ಲಿ ಆ ಹೆಸರನ್ನು ಬರೆದು, ಎರಡನೆಯ ಅಕ್ಷರದಿಂದ ಐದನೆಯದರವರೆಗಿನ ನಾಲ್ಕನ್ನು ಮಾತ್ರ ಬೇರ್ಪಡಿಸಿ ಓದಿದರೆ, ಇಂಗ್ಲಿಷಿನ ಅತಿ ಹೀನವಾದ ಬೈಗುಳವೊಂದು ಕಾಣಿಸಿಕೊಳ್ಳುವುದು. ಸಂಸ್ಥೆಯವರು ಬೈಗುಳಗಳನ್ನು ಸೋಸುವ ಜರಡಿಯನ್ನು ತಿದ್ದುವುದಕ್ಕೆ ಮೊದಲು ಊರನ್ನೇ ತಿದ್ದಿದರು. ಒಂದು ಸ್ವರವನ್ನು ಬದಲಿಸಿ ಕೆಲಕಾಲ ಅದನ್ನು 'ಸ್ಕಾನ್‌ಥಾರ್ಪ್' ಎಂದು ಬರೆದುಕೊಂಡರು. ಇಂತಹ ಪ್ರಮಾದಗಳಿಗೆಲ್ಲ ಕಂಪ್ಯೂಟರ್ ತಜ್ಞರಲ್ಲಿ ಇಂದಿಗೂ ಆ ಊರಿನ ಹೆಸರೇ ನಿಂತುಹೋಗಿದೆ.

ನಾವು ಪದವನ್ನು ಇಡಿಯಾಗಿ ಗ್ರಹಿಸುತ್ತೇವೆ. ಹಿಂದುಮುಂದಿನ ಮಾತು, ಆಡಿದವರ ಸ್ವಭಾವ, ಆಡಿದ ಸಂದರ್ಭ ಇವೆಲ್ಲವೂ ಕೂಡಿದಾಗಲೇ ಅರ್ಥವು ಮನಸ್ಸಿಗೆ ಇಳಿಯುವುದು. ಯಂತ್ರಕ್ಕಾದರೋ ಬರಹವೆಂಬುದು ಅಂಕಿಗಳ ಒಂದು ಉದ್ದನೆಯ ಸರ. ನಿಷಿದ್ಧ ಪದಗಳು ಚಿಕ್ಕ ಚಿಕ್ಕ ಸರಗಳು. ಚಿಕ್ಕದು ದೊಡ್ಡದರಲ್ಲಿ ಎಲ್ಲಿಯಾದರೂ ಸೇರಿಕೊಂಡಿದೆಯೆ ಎಂದು ನೋಡುವುದಷ್ಟೆ ಅದರ ಕಾರ್ಯ. ಬೆಲ್ ಲ್ಯಾಬ್ಸ್‌ನ ಆಲ್ಫ್ರೆಡ್ ಅಹೋ ಮತ್ತು ಮಾರ್ಗರೆಟ್ ಕೊರಾಸಿಕ್ 1975ರಲ್ಲಿ ಪ್ರಕಟಿಸಿದ ಸೊಗಸಾದ ವಿಧಾನವೊಂದರಿಂದ, ಪಟ್ಟಿಯಲ್ಲಿ ಸಾವಿರ ಪದಗಳಿದ್ದರೂ ಬರಹವನ್ನು ಒಂದೇ ಒಂದು ಸಲ ಓದಿ ಅವೆಲ್ಲವನ್ನೂ ಹುಡುಕಬಹುದಾಗಿದೆ. ಗ್ರಂಥಸೂಚಿಯಲ್ಲಿ ಓದುಗನಿಗೆ ಬೇಕಾದುದನ್ನು ಬೇಗನೆ ಹುಡುಕಿಕೊಡಲೆಂದು ಹುಟ್ಟಿದ ವಿಧಾನವದು. ಪದದ ಎರಡು ತುದಿಗಳಲ್ಲಿಯೂ ತೆರಪಿದ್ದರೆ ಮಾತ್ರ ಹಿಡಿಯಬೇಕೆಂದು ವಿಧಿಸಿದರೆ ಸ್ಕನ್‌ಥಾರ್ಪ್ ಪಾರಾಗುವುದು ನಿಜ. ಆದರೆ ನಿಜವಾಗಿ ಬೈಯಬೇಕೆಂದಿರುವವನು ಅಕ್ಷರಗಳ ನಡುವೆ ಚುಕ್ಕೆಗಳನ್ನಿಟ್ಟೋ, ಒಂದು ಅಕ್ಷರದ ಬದಲು ಅದನ್ನು ಹೋಲುವ ಅಂಕಿಯನ್ನಿಟ್ಟೋ ಅಷ್ಟೇ ಸುಲಭವಾಗಿ ನುಸುಳುತ್ತಾನೆ. ಅವನಿಗಾಗಿ ಜರಡಿಯ ಕಣ್ಣನ್ನು ಕಿರಿದುಗೊಳಿಸಿದರೆ ಸಿಕ್ಕಿಬೀಳುವವನು ಮತ್ತೆ ನಿರಪರಾಧಿಯೇ.

ಪದ ಇಡಿಯಾಗಿ ಹೊಂದಿದಾಗಲೂ ಅನ್ಯಾಯ ತಪ್ಪುವುದಿಲ್ಲವೆಂಬುದಕ್ಕೆ 2020ರ ಅಕ್ಟೋಬರಿನ ಘಟನೆಯೊಂದು ಸಾಕ್ಷಿ. ಕಶೇರುಕ ಪ್ರಾಣಿಗಳ ಪಳೆಯುಳಿಕೆಗಳನ್ನು ಅಭ್ಯಸಿಸುವ ವಿದ್ವಾಂಸರ ಅಂತರರಾಷ್ಟ್ರೀಯ ಸಂಘವು, ಕೊರೊನಾ ವ್ಯಾಧಿಯ ಕಾರಣದಿಂದ, ಆ ವರ್ಷದ ಸಮ್ಮೇಳನವನ್ನು ಅಂತರ್ಜಾಲದಲ್ಲಿ ನಡೆಸಿತು. ಪ್ರಶ್ನೋತ್ತರಕ್ಕೆಂದು ಒದಗಿಸಿದ್ದ ವ್ಯವಸ್ಥೆಯಲ್ಲಿ ಎಲುಬೆಂಬ ಅರ್ಥದ 'ಬೋನ್' ಎಂಬ ಪದವು ನಿಷಿದ್ಧವಾಗಿತ್ತು. ಎಲುಬನ್ನೇ ಓದಿ ಕೋಟ್ಯಂತರ ವರ್ಷಗಳ ಹಿಂದಿನ ಜೀವವನ್ನು ಕಾಣುವವರು ಎಲುಬೆಂಬ ಮಾತನ್ನಾಡದೆ ಪ್ರಶ್ನೆ ಕೇಳುವುದಾದರೂ ಹೇಗೆ? ಶ್ರೋಣಿಯ ಎಲುಬುಗಳಲ್ಲೊಂದಾದ ಪ್ಯೂಬಿಸ್‌ನಿಂದ ಬಂದ 'ಪ್ಯೂಬಿಕ್' ಎಂಬ ಪದಕ್ಕೂ ತಡೆ. ಆ ಎಲುಬು ಮುಂದಕ್ಕೆ ಚಾಚಿದೆಯೋ ಹಿಂದಕ್ಕೆ ಬಾಗಿದೆಯೋ ಎಂಬುದನ್ನು ನೋಡಿಯೇ ಪಳೆಯುಳಿಕೆಗಳ ವಿದ್ವಾಂಸ ಹ್ಯಾರಿ ಸೀಲಿಯವರು 1887ರಲ್ಲಿ ಡೈನೊಸಾರುಗಳನ್ನು ಎರಡು ಮಹಾವಂಶಗಳಾಗಿ ವಿಂಗಡಿಸಿದರು. ಆ ವಿಭಾಗವನ್ನು ಇಂದಿಗೂ ವಿದ್ಯಾರ್ಥಿಗಳು ಮೊದಲ ಪಾಠದಲ್ಲಿಯೇ ಕಲಿಯುತ್ತಾರೆ. ಟಿರಾನೊಸಾರಸ್ ರೆಕ್ಸ್‌ನ ಎಲುಬುಗಳು 1902ರಲ್ಲಿ ದೊರೆತ ಮೊಂಟಾನದ ಹೆಲ್ ಕ್ರೀಕ್ ಶಿಲಾಸ್ತರದ ಹೆಸರೂ ನರಕವಾಚಕವಾದ ಮೊದಲ ಪದದ ದೆಸೆಯಿಂದ ಸೋಸಿಹೋಯಿತು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ನೋಯಿಸಿದ ಸಂಗತಿಯೆಂದರೆ, ಚೀನೀಯರಲ್ಲಿ ಅತಿ ಸಾಮಾನ್ಯವಾದ 'ವಾಂಗ್' ಎಂಬ ಕುಲನಾಮಕ್ಕೂ ನಿಷೇಧವಿತ್ತು; ಅಮೆರಿಕದ ಆಡುಮಾತಿನಲ್ಲಿ ಆ ಪದಕ್ಕಿರುವ ಅಶ್ಲೀಲಾರ್ಥವನ್ನೇ ಉಳ್ಳ 'ಜಾನ್ಸನ್' ಎಂಬ ಕುಲನಾಮಕ್ಕೆ ಇರಲಿಲ್ಲ. ಪಟ್ಟಿಯನ್ನು ಬರೆದ ಕೈಗೆ ಯಾವ ಹೆಸರು ತನ್ನದಾಗಿ ತೋರಿತು, ಯಾವುದು ಪರಕೀಯವಾಗಿ ತೋರಿತು ಎಂಬುದು ಅಲ್ಲಿ ಸ್ಪಷ್ಟವಾಗಿ ಮೂಡಿತ್ತು.

ಈ ಕ್ಲೇಶ ನಮ್ಮ ಮನೆಬಾಗಿಲಿನಲ್ಲಿಯೂ ಇದೆ. ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಿಂದ ಬರೆಯುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆಯಷ್ಟೆ. ದೂರದೇಶಕ್ಕೆ ಹೋದ ಮಗನು 'ಸುರಕ್ಷಿತವಾಗಿ ತಲುಪಿದೆ' ಎಂದು ಹಾಗೆ ತಾಯಿಗೆ ಬರೆದನೆನ್ನೋಣ. 'ಕ್ಷಿತ' ಎಂಬುದನ್ನು ರೋಮನ್ ಲಿಪಿಗಿಳಿಸಿದಾಗ ಬರುವ ಅಕ್ಷರಗಳಲ್ಲಿ ಮೊದಲಿನ ಒಂದನ್ನೂ ಕೊನೆಯ ಒಂದನ್ನೂ ಬಿಟ್ಟರೆ ಉಳಿಯುವ ನಾಲ್ಕು, ಎಂದರೆ ಎಸ್, ಎಚ್, ಐ, ಟಿ, ಇಂಗ್ಲಿಷಿನಲ್ಲಿ ಮಲವಾಚಕವಾದ ಬೈಗುಳ. ಕ್ಷೇಮಸಮಾಚಾರದ ಮಾತೇ ದೋಷಿಯಾಯಿತು! ಶಿಕ್ಷಿತ, ಅಪೇಕ್ಷಿತ, ಪರೀಕ್ಷಿತ, ದೀಕ್ಷಿತ, ರಕ್ಷಿತ, ಹರ್ಷಿತ ಇವೆಲ್ಲಕ್ಕೂ ಇದೇ ಗತಿ. 'ಷ'ಕಾರದ ಮೇಲೆ ಸಂಸ್ಕೃತದ 'ಇತ' ಪ್ರತ್ಯಯ ಬಂದಲ್ಲೆಲ್ಲ ಈ ಸಂಕಟ ತಪ್ಪದು. ತಂದೆತಾಯಿಗಳು ಆಸೆಯಿಂದ ಇಟ್ಟ ಹೆಸರನ್ನು ಯಂತ್ರವೊಂದು ಹೊಲಸೆಂದು ಹಿಂದಿರುಗಿಸಿದರೆ, ಅದನ್ನು ಹೊತ್ತ ಮಗುವಿಗೆ ಏನೆನ್ನಿಸಬಹುದು!

ಕನ್ನಡ ಲಿಪಿಯಲ್ಲಿಯೇ ಬರೆದರೆ ಪಾರಾಗಬಹುದೆಂದುಕೊಂಡರೆ ಅಲ್ಲಿ ಬೇರೆಯೇ ತೊಡಕು. ಇಂಗ್ಲಿಷ್ ಪದವು ಬಹುಮಟ್ಟಿಗೆ ಒಂಟಿಯಾಗಿ ನಿಲ್ಲುತ್ತದೆ. ನಮ್ಮ ಪದವಾದರೋ ವಿಭಕ್ತಿಯನ್ನೂ ಅವ್ಯಯವನ್ನೂ ಸಂಧಿಯನ್ನೂ ಕೂಡಿಕೊಂಡು 'ಮನೆಯಲ್ಲಿದ್ದವನಿಗೂ' ಎಂಬಂತೆ ಒಂದೇ ಉಸಿರಾಗಿ ನಡೆಯುತ್ತದೆ. ಆದುದರಿಂದ ತುದಿಗಳಲ್ಲಿ ತೆರಪನ್ನು ಹುಡುಕುವ ಉಪಾಯ ಇಲ್ಲಿ ಕೆಲಸಕ್ಕೆ ಬಾರದು. ಸಾಲದುದಕ್ಕೆ ನಮ್ಮ ಸ್ವರಚಿಹ್ನೆಗಳನ್ನೂ ಅರೆಯಕ್ಷರದ ಗುರುತನ್ನೂ ಅಕ್ಷರಗಳೆಂದೇ ಎಣಿಸದೆ, ಅವು ಬಂದಲ್ಲಿ ಪದವು ಮುಗಿಯಿತೆಂದು ಭಾವಿಸುವ ಸಾಧನಗಳೂ ಬಳಕೆಯಲ್ಲಿವೆ. ಪಟ್ಟಿಯನ್ನು ಬಿಟ್ಟು ಮನುಷ್ಯರು ಗುರುತುಹಾಕಿದ ವಾಕ್ಯರಾಶಿಯಿಂದ ಕಲಿಯುವ ಹೊಸ ಯಂತ್ರಗಳು ಸಂದರ್ಭವನ್ನು ತಕ್ಕಮಟ್ಟಿಗೆ ನೋಡುತ್ತವೆ. ಆದರೆ ಅವು ಕೂಡ ಕಪ್ಪು ಅಮೆರಿಕನ್ನರ ಸಹಜವಾದ ಆಡುನುಡಿಯನ್ನು ನಿಂದೆಯೆಂದು ಹೆಚ್ಚಾಗಿ ತಪ್ಪು ತಿಳಿಯುತ್ತವೆಂದು ಅಲ್ಲಿನ ಸಂಶೋಧಕರು 2019ರಲ್ಲಿ ತೋರಿಸಿದರು. ಗುರುತುಹಾಕುವವರು ಆ ನುಡಿಯ ಬಳಕೆಯನ್ನು ಬಲ್ಲವರಾಗಿರಬೇಕೆಂಬುದು ಇದರಿಂದ ವಿದಿತವಾಗುವುದು. ಕನ್ನಡದ ಜರಡಿಯನ್ನು ಕನ್ನಡಿಗರೇ ಹೆಣೆಯಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಇದಕ್ಕೆ ಇನ್ನೊಂದು ಕಾರಣವೂ ಉಂಟು: ಇಂದು ಬೈಗುಳವಾಗಿರುವುದು ಎಂದೂ ಬೈಗುಳವೇ ಆಗಿತ್ತೆಂದು ತಿಳಿಯಲಾಗದು. 'ಸೂಳೆ' ಎಂಬ ಮಾತನ್ನು ಈಗ ಯಾರೂ ಸಭ್ಯರ ನಡುವೆ ಆಡರು. ಆದರೆ ನಮ್ಮ ಹಳೆಯ ಶಾಸನಗಳು ದೇಗುಲಗಳ ಸೇವೆಯಲ್ಲಿದ್ದ ಸ್ತ್ರೀಯರನ್ನೂ ಅದೇ ಪದದಿಂದ ಕರೆದಿವೆ. ಹಂಪೆಯಲ್ಲಿ ಅಚ್ಯುತರಾಯನ ಗುಡಿಯ ಮುಂದೆ ಚಾಚಿಕೊಂಡಿರುವ ಕಂಬಸಾಲಿನ ಬೀದಿಗೆ ಸೂಳೆಬಜಾರೆಂದು ಹೆಸರು. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ, ಬೆಟ್ಟಗಳ ನಡುವೆ ಸಮುದ್ರದಂತೆ ಹರಡಿಕೊಂಡ ಸೂಳೆಕೆರೆಯಿದೆ. ಶಾಂತಿಸಾಗರವೆಂಬ ಹೆಸರೂ ಅದಕ್ಕಿದೆಯಾದರೂ ಸುತ್ತಲಿನ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಅಲ್ಲಿನ ರೈತನೊಬ್ಬನು ಸೂಳೆಕೆರೆಗೆ ನೀರು ಎಷ್ಟು ಬಂತು, ತೂಬನ್ನು ಎಂದು ಎತ್ತುತ್ತಾರೆ ಎಂದು ಬರೆದು ಕೇಳಿದರೆ, ಯಂತ್ರವು ಆ ಹೆಸರಿನ ಮೊದಲ ಎರಡಕ್ಷರಗಳನ್ನು ನಕ್ಷತ್ರಚಿಹ್ನೆಗಳಿಂದ ಮುಚ್ಚುವುದು. ಅವನು ಕೇಳುತ್ತಿರುವುದು ಯಾವ ಕೆರೆಯ ನೀರನ್ನೆಂದು ಓದುವವನಿಗೆ ತಿಳಿಯದು.