ಪೆಟ್ಟು ತಿಂದ ಬೆಲ್ಲನ ಆರು ವಾರ

ಸೊಂಟದ ಮೂಳೆ ಮುರಿದ ಬೆಕ್ಕಿಗೆ ಮಾತ್ರೆ, ಇಂಜೆಕ್ಷನ್ ಎಲ್ಲಕ್ಕಿಂತ ದೊಡ್ಡ ಔಷಧಿ ಒಂದಿದೆ. ಅದು ಮೆಡಿಕಲ್ ಶಾಪ್‌ನಲ್ಲಿ ಸಿಗಲ್ಲ, ಅದಕ್ಕೆ ಬಿಲ್ಲೂ ಬರಲ್ಲ. ಆದರೆ ಕೊಡೋದು ಮಾತ್ರ ಬಹಳ ಕಷ್ಟ. ಅದರ ಹೆಸರು ವಿಶ್ರಾಂತಿ. ದಿನವಿಡೀ ಹಾರಿ, ಹತ್ತಿ, ಜಿಗಿದು ಬದುಕುವ ಪ್ರಾಣಿಯನ್ನು ವಾರಗಟ್ಟಲೆ ಹಾರದಂತೆ ನೋಡಿಕೊಳ್ಳಬೇಕು ಅಂದ್ರೆ ಸುಮ್ಮನೇನಾ?

ಬೆಲ್ಲ ನಮ್ಮ ಬೀದಿಯ ಬೆಕ್ಕು. ಮೈಬಣ್ಣ ಥೇಟ್ ಅಚ್ಚುಬೆಲ್ಲ, ಹಾಗಾಗಿ ಆ ಹೆಸರು. ಬೆಂಗಳೂರಿನ ನನ್ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಸಂಜೆ ಹಾಜರಾಗೋದು, ಹೊಟ್ಟೆ ತುಂಬಿದ ಮೇಲೆ ಹೊರಟುಬಿಡೋದು, ಇಷ್ಟೇ ನಮ್ಮ ಸಂಬಂಧ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಯಾವುದೋ ಬೈಕ್ ಗುದ್ದಿ ಹೋಯ್ತು. ಹಿಂಗಾಲು ಎಳೆದುಕೊಂಡು ನಮ್ಮ ಗೇಟಿನ ತನಕ ಬಂದು ಮಲಗಿಬಿಟ್ಟಿದ್ದ. ಕ್ಲಿನಿಕ್‌ನವರು ಕೊಟ್ಟ ಫಾರ್ಮ್‌ನಲ್ಲಿ ‘ಮಾಲೀಕರ ಹೆಸರು’ ಅಂತ ಒಂದು ಜಾಗ ಇತ್ತು. ಅಲ್ಲಿ ನನ್ನ ಹೆಸರು ಬರೆದೆ.

ಮೊದಲ ಎರಡು ದಿನ

ಪೆಟ್ಟಾದ ಬೆಕ್ಕನ್ನು ಎತ್ತುವಾಗ ಎರಡು ವಿಷಯ ನೆನಪಿರಲಿ. ಒಂದು, ಬೆನ್ನು ಬಾಗಬಾರದು. ಗಟ್ಟಿ ರಟ್ಟಿನ ಮೇಲೆ ಮೆಲ್ಲಗೆ ಜರುಗಿಸಿ, ರಟ್ಟಿನ ಸಮೇತ ಬಾಕ್ಸ್‌ನೊಳಗೆ ಇಡಬೇಕು. ಎರಡು, ಎಷ್ಟೇ ಸಾಧು ಬೆಕ್ಕಾದರೂ ನೋವಿನಲ್ಲಿ ಕಚ್ಚುತ್ತೆ. ಹಾಗಾಗಿ ದಪ್ಪ ಟವೆಲ್ ಇರಲಿ. ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು, ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ರೇಬಿಸ್ ಲಸಿಕೆ ಬಗ್ಗೆ ಕೇಳಿ. ರೇಬಿಸ್ ನಾಯಿಯಿಂದ ಮಾತ್ರ ಬರೋದಲ್ಲ.

ಡಾಕ್ಟರು ಕಾಲಿಗಿಂತ ಮೊದಲು ಎದೆ ನೋಡಿದರು. ವಾಹನ ಗುದ್ದಿದಾಗ ಶ್ವಾಸಕೋಶಕ್ಕೆ ಏಟಾಗಿದ್ದರೆ ಅದೇ ಮೊದಲು ಜೀವ ತೆಗೆಯೋದು. ಆಮೇಲೆ ಎಕ್ಸ್-ರೇ. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ತೊಡೆಯ ಕೀಲಿಗೆ ಏನೂ ಆಗಿರಲಿಲ್ಲ, ಮೂಳೆ ಹೆಚ್ಚು ಜರುಗಿಯೂ ಇರಲಿಲ್ಲ. ಇಂಥ ಮುರಿತ ಎಷ್ಟೋ ಬೆಕ್ಕುಗಳಲ್ಲಿ ಆಪರೇಷನ್ ಇಲ್ಲದೆಯೇ ಕೂಡಿಕೊಳ್ಳುತ್ತಂತೆ. “ಮೂಳೆ ಬಗ್ಗೆ ನನಗೆ ಚಿಂತೆ ಇಲ್ಲ. ತಾನಾಗಿ ಮೂತ್ರ ಮಾಡ್ತಾನಾ ಅನ್ನೋದೇ ಪ್ರಶ್ನೆ” ಅಂದರು ಡಾಕ್ಟರು. ಸೊಂಟಕ್ಕೆ ಬಿದ್ದ ಏಟು ಮೂತ್ರಕೋಶಕ್ಕೋ, ಅದರ ನರಕ್ಕೋ ತಗುಲಿರಬಹುದು. 24 ಗಂಟೆ ಮೂತ್ರ ಹೋಗದಿದ್ದರೆ ಅದು ತುರ್ತು ಪರಿಸ್ಥಿತಿ.

ಅವತ್ತು ರಾತ್ರಿಯಿಡೀ ಟ್ರೇ ನೋಡೋದೇ ನನ್ನ ಕೆಲಸ. ಬೆಳಗಿನ ಜಾವ ಐದಕ್ಕೆ ಹಾಸಿದ್ದ ಪೇಪರ್ ಒದ್ದೆಯಾಗಿತ್ತು. ಪ್ರಮೋಷನ್ ಲೆಟರ್ ಬಂದಾಗಲೂ ಅಷ್ಟು ಖುಷಿ ಆಗಿರಲಿಲ್ಲ ನೋಡಿ.

ಕೇಜ್ ಒಳಗೆ ಏನಿರಬೇಕು?

ಕಾಲು ಚಾಚಿ ಮಲಗಲು, ಒಂದು ಸುತ್ತು ತಿರುಗಲು, ಟ್ರೇ ಮತ್ತು ಬಟ್ಟಲು ಇಡಲು ಜಾಗ ಇದ್ದರೆ ಸಾಕು. ಹಾರುವಷ್ಟು ಎತ್ತರ ಬೇಡ. ಟ್ರೇ ಅಂಚು ತಗ್ಗಾಗಿರಲಿ, ಕಾಲು ಎತ್ತಿ ದಾಟಲು ಅದಕ್ಕೆ ಆಗಲ್ಲ. ಗಾಯ ಇದ್ದರೆ ಅಂಟುವ ಲಿಟರ್ ಬದಲು ಹರಿದ ನ್ಯೂಸ್‌ಪೇಪರ್ ಹಾಕಿ. ಎರಡು ದಿನ ಮಲ ಹೋಗದಿದ್ದರೂ ಡಾಕ್ಟರಿಗೆ ಹೇಳಬೇಕು. ಮುರಿದ ಮೂಳೆ ಒಳಗೆ ದಾರಿಯನ್ನು ಕಿರಿದು ಮಾಡಿರಬಹುದು.

ಊಟ ಬಿಡಲು ಬೆಕ್ಕನ್ನು ಬಿಡಲೇಬಾರದು. ಎರಡು, ಮೂರು ದಿನ ಏನೂ ತಿನ್ನದಿದ್ದರೆ ಅದರ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳಲು ಶುರುವಾಗುತ್ತೆ, ಅದೇ ಪ್ರಾಣಕ್ಕೆ ಬರಬಹುದು. ಬೆಕ್ಕು ವಾಸನೆ ಹಿಡಿದು ತಿನ್ನುವ ಪ್ರಾಣಿ. ಬೇಯಿಸಿದ ಚಿಕನ್ನೋ ಮೀನೋ ಸ್ವಲ್ಪ ಬೆಚ್ಚಗೆ ಮಾಡಿಟ್ಟರೆ ಮೂಗು ಅರಳಿಸುತ್ತೆ. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಸೋಕಲೂಬಾರದು, ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ. ಹಾಲು ಹಾಕಿದರೆ ದೊಡ್ಡ ಬೆಕ್ಕುಗಳಿಗೆ ಸಾಮಾನ್ಯವಾಗಿ ಭೇದಿ ಆಗುತ್ತೆ.

ಇನ್ನೊಂದು ಮಾತು ಮನೆಯವರಿಗೆಲ್ಲ ಹೇಳಿಡಿ. ಪಾಪ, ನೋವು ಅಂತ ನಮ್ಮ ಪ್ಯಾರಸಿಟಮಾಲ್ ಕೊಡಬೇಡಿ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಒಂದೇ ಮಾತ್ರೆ ಸಾಕು ಕೊಲ್ಲಲು.

ಮುಖ ನೋಡಿ ನೋವು ತಿಳಿಯಿರಿ

ಬೆಕ್ಕು ನೋವನ್ನು ಮುಚ್ಚಿಡುತ್ತೆ. ಗುರುಗುಟ್ಟುತ್ತಿದೆ ಅಂದ ಮಾತ್ರಕ್ಕೆ ಹಾಯಾಗಿದೆ ಅಂತಲೂ ಅಲ್ಲ, ನೋವಿನಲ್ಲೂ ಗುರುಗುಟ್ಟುತ್ತೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಜ್ಞರು 2019ರಲ್ಲಿ ಇದಕ್ಕೊಂದು ಅಳತೆಗೋಲು ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಇಟ್ಟುಕೊಂಡ ರೀತಿ, ಈ ಐದಕ್ಕೂ 0ಯಿಂದ 2ರವರೆಗೆ ಅಂಕ. ಕಿವಿ ಹೊರಕ್ಕೆ ತಿರುಗಿದೆಯಾ, ಕಣ್ಣು ಕಿರಿದಾಗಿದೆಯಾ, ಮೂತಿ ಬಿಗಿದಿದೆಯಾ, ಮೀಸೆ ನೆಟ್ಟಗಾಗಿದೆಯಾ, ತಲೆ ಭುಜಕ್ಕಿಂತ ಕೆಳಗಿದೆಯಾ ನೋಡೋದು. ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವಿನ ಔಷಧಿ ಬೇಕು ಅಂತ ಅರ್ಥ. ನಾನು ಬೆಳಿಗ್ಗೆ, ರಾತ್ರಿ ಒಂದೊಂದು ಫೋಟೊ ತೆಗೆದು ಅಂಕ ಬರೆದಿಡ್ತಿದ್ದೆ. ಡಾಕ್ಟರು ಆ ಪಟ್ಟಿ ನೋಡಿಯೇ ಔಷಧಿ ಕಡಿಮೆ ಮಾಡಿದ್ದು.

ನಿಜವಾದ ಪರೀಕ್ಷೆ ಮೂರನೇ ವಾರ

ಮೊದಲ ಎರಡು ವಾರ ಬೆಲ್ಲ ಮಲಗಿಯೇ ಇದ್ದ. ಕಷ್ಟ ಶುರುವಾಗಿದ್ದು ಅವನಿಗೆ ಹುಷಾರಾದ ಮೇಲೆ. ನೋವು ಇಳಿದಿತ್ತು, ಮೂಳೆ ಮಾತ್ರ ಇನ್ನೂ ಹಸಿ. ಆ ವ್ಯತ್ಯಾಸ ಬೆಕ್ಕಿಗೆ ಹೇಗೆ ಗೊತ್ತಾಗಬೇಕು? ರಾತ್ರಿ ಎರಡಕ್ಕೆ ಕೇಜ್ ಕಂಬಿ ಹಿಡಿದು ಕೂಗ್ತಿದ್ದ. ಕೆಳಗಿನ ಓನರ್ ಆಂಟಿ, “ಮಗು ಅತ್ತ ಹಾಗಿರುತ್ತಲ್ಲಮ್ಮ, ಬಿಟ್ಟುಬಿಡಬಾರದಾ?” ಅಂದರು. ಬೆಳಿಗ್ಗೆ ಒಂಬತ್ತೂವರೆಗೆ ನನಗೆ ಸ್ಟ್ಯಾಂಡ್-ಅಪ್ ಮೀಟಿಂಗ್. ಬೆಕ್ಕಿನ ಆರೈಕೆಗೆ ನಮ್ಮ ಆಫೀಸಿನಲ್ಲಿ ರಜೆ ಕೊಡಲ್ಲ. ನಿದ್ದೆಗೆಟ್ಟ ಕಣ್ಣಿಗೆ ಚಿಲಕ ಬಹಳ ಹತ್ತಿರ ಕಾಣುತ್ತೆ. ಒಂದೇ ಸಲ ಮಂಚಕ್ಕೆ ಜಿಗಿದರೂ ಮತ್ತೆ ಮೊದಲಿಂದ.

ಅಷ್ಟರಲ್ಲಿ ಅಮ್ಮ ಹಾಸನದಿಂದ ಬಂದಳು. ಫೋನಿನಲ್ಲಿ, “ಬೀದಿ ಬೆಕ್ಕಿಗೆ ಅಷ್ಟೊಂದು ದುಡ್ಡು ಸುರೀತೀಯೇನೇ?” ಅಂದವಳು. ಬಂದವಳೇ ಸ್ವಲ್ಪ ಹೊತ್ತು ಕೇಜ್ ಮುಂದೆ ಕೂತಳು. ಆಮೇಲೆ ಕೇಳಿದಳು: “ನಮ್ಮನೆ ಬೆಕ್ಕಿಗೆ ಪೆಟ್ಟಾದ್ರೆ ಏನ್ ಮಾಡ್ತಿತ್ತು ಹೇಳು? ಅಟ್ಟ ಹತ್ತಿ ಕತ್ತಲೆ ಮೂಲೆ ಸೇರ್ಕೊಳ್ತಿತ್ತು. ಇದಕ್ಕೆ ಇಲ್ಲಿ ಮೂಲೆ ಎಲ್ಲಿದೆ? ನಾಲ್ಕೂ ಕಡೆ ಬೆಳಕು.”

ತನ್ನ ಹಳೇ ಕಾಟನ್ ಸೀರೆ ತೆಗೆದು ಕೇಜ್‌ನ ಮೂರು ಕಡೆ ಮುಚ್ಚಿದಳು. ಒಳಗೆ ಒಂದು ರಟ್ಟಿನ ಡಬ್ಬ ಅಡ್ಡ ಇಟ್ಟಳು. ಅವತ್ತು ರಾತ್ರಿ ಬೆಲ್ಲ ಕೂಗಿದ್ದು ಎರಡೇ ಸಲ. ಅಡಗಲು ಜಾಗ ಸಿಕ್ಕರೆ ಬೆಕ್ಕಿನ ಅರ್ಧ ಗಾಬರಿ ಇಳಿಯುತ್ತೆ. “ಊರಲ್ಲಿ ಅಟ್ಟ ಹತ್ತಿದ್ದೆಲ್ಲ ಇಳಿದು ಬರ್ತಿತ್ತಾ ಅಮ್ಮ?” ಅಂತ ಕೇಳಿದೆ. “ಇಲ್ಲ ಕಣೆ. ಬಾರದ್ದನ್ನ ನಾವು ಲೆಕ್ಕ ಇಟ್ಟಿರಲಿಲ್ಲ, ಅಷ್ಟೆ” ಅಂದಳು. ಆಮೇಲೆ ದುಡ್ಡಿನ ಮಾತು ಎತ್ತಲಿಲ್ಲ.

ಉಳಿದ ದಿನ ನಾನು ಲ್ಯಾಪ್‌ಟಾಪ್ ಹಿಡಿದು ಕೇಜ್ ಪಕ್ಕ ನೆಲದ ಮೇಲೇ ಕೂತು ಕೆಲಸ ಮಾಡಿದೆ. ಊಟವನ್ನು ಒಂದೇ ಸಲ ಕೊಡದೆ ಐದಾರು ಪಾಲು ಮಾಡಿ, ಸಣ್ಣ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಒಳಗಿಡ್ತಿದ್ದೆ. ಅದನ್ನು ಬಿಚ್ಚೋದರಲ್ಲಿ ಅವನಿಗೆ ಹೊತ್ತು ಹೋಗ್ತಿತ್ತು.

ಖರ್ಚು ಮತ್ತು ಎಚ್ಚರ

ಖರ್ಚಿನ ಬಗ್ಗೆ ಮೊದಲೇ ಡಾಕ್ಟರ ಹತ್ತಿರ ಬಿಚ್ಚಿ ಮಾತಾಡಿ. ಯಾವುದು ಇವತ್ತೇ ಬೇಕು, ಯಾವುದು ಕಾಯಬಹುದು ಅಂತ ಅವರು ಹೇಳ್ತಾರೆ. ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನಾಯಿ, ಬೆಕ್ಕುಗಳಿಗೂ ಚಿಕಿತ್ಸೆ ಇದೆ.

ಮಲಗಿರುವಾಗ ಉಸಿರು ಎಣಿಸುವ ಅಭ್ಯಾಸ ಇರಲಿ. ನಿಮಿಷಕ್ಕೆ 30 ದಾಟಿ ಹಾಗೇ ಇದ್ದರೆ, ಬಾಯಿ ತೆರೆದು ಉಸಿರಾಡಿದರೆ, ಒಂದು ದಿನ ಮೂತ್ರವೋ ಊಟವೋ ಇಲ್ಲದಿದ್ದರೆ ಮರುದಿನಕ್ಕೆ ಕಾಯಬೇಡಿ.

ಆರನೇ ವಾರದ ಎಕ್ಸ್-ರೇಯಲ್ಲಿ ಮೂಳೆ ಕೂಡಿಕೊಂಡಿತ್ತು. ಆದರೂ ಒಮ್ಮೆಗೇ ಬಿಡಲಿಲ್ಲ. ಇನ್ನೆರಡು ವಾರ ಕುರ್ಚಿ, ಟೇಬಲ್ ಇಲ್ಲದ ಒಂದೇ ರೂಮು, ಆಮೇಲೆ ಮನೆಯೆಲ್ಲ. ಬೀದಿಗೆ ಮಾತ್ರ ವಾಪಸ್ ಕಳಿಸಲಿಲ್ಲ. ಬಾಲ ಇವತ್ತಿಗೂ ಸ್ವಲ್ಪ ಎಡಕ್ಕೇ ವಾಲುತ್ತೆ. ಕಿಟಕಿಗೆ ಹಾರುವ ಮೊದಲು ಒಮ್ಮೆ ನಿಂತು ಅಳತೆ ನೋಡ್ತಾನೆ. ಕೆಳಗೊಂದು ಸ್ಟೂಲ್ ಇಟ್ಟಿದ್ದೇನೆ. ಮನಸ್ಸು ಬಂದ ದಿನ ಅದರ ಮೇಲೆ ಕಾಲಿಡ್ತಾನೆ.