ಮನೆಗೆ ಬೆಂಕಿ ಬಿದ್ದರೆ: ಮೊದಲ ನಿಮಿಷಗಳು ನಮ್ಮ ಕೈಯಲ್ಲಿ

ಕರಾವಳಿಯ ನಮಗೆ ಕೋಲಾರವೆಂದರೆ 2001ರಲ್ಲಿ ಮುಚ್ಚಿದ ಚಿನ್ನದ ಗಣಿಯೇ ಮೊದಲು ನೆನಪಾಗುತ್ತದೆ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಗಳಿಂದ ನಾವು ಕಲಿಯಬೇಕಾದ ಇನ್ನೊಂದು ಪಾಠವಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡು ಅದು. ಮನೆಯ ಮಗ್ಗುಲಲ್ಲೇ ಒಣ ರಾಗಿಹುಲ್ಲಿನ ಬಣವೆ. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಬಿದಿರಿನ ತಟ್ಟೆ, ಚಂದ್ರಿಕೆಗಳು. ಚಳಿಗಾಲದಲ್ಲಿ ಹುಳುಗಳಿಗೆ ಕಾವು ಕೊಡಲು ಇದ್ದಿಲಿನ ಒಲೆ. ಪಟ್ಟಣದಿಂದ ಅಗ್ನಿಶಾಮಕ ವಾಹನ ದೂರದ ಹಳ್ಳಿ ತಲುಪುವ ತನಕ ಮನೆಯವರೇ ಮನೆಯನ್ನು ಕಾಯಬೇಕು. ನಮ್ಮ ಗುಡ್ಡದ ಮೇಲಿನ ಒಂಟಿ ಮನೆಗಳ ಸ್ಥಿತಿಯೂ ಇದೇ ಅಲ್ಲವೇ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕಿಂತ ಹೆಚ್ಚು ಮಂದಿ ಸುಟ್ಟಗಾಯಗಳಿಂದ ನರಳುತ್ತಾರೆ. ಅಡುಗೆಮನೆಯಲ್ಲಿ ದುಡಿಯುವ ತಾಯಂದಿರು, ಅವರ ಸೆರಗು ಹಿಡಿದು ನಿಂತ ಮಕ್ಕಳು ಹೆಚ್ಚಿನ ಅಪಾಯದಲ್ಲಿರುವವರು.

ಮುನ್ನೆಚ್ಚರಿಕೆ ದೊಡ್ಡ ಖರ್ಚಿನದಲ್ಲ. ಗ್ಯಾಸ್ ಸಿಲಿಂಡರನ್ನು ನೇರವಾಗಿ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಎತ್ತರದಲ್ಲಿಡಬೇಕು. ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅದಕ್ಕೂ ಮೊದಲೇ ಬದಲಿಸಬೇಕು. ಸಿಲಿಂಡರಿನ ಮೇಲ್ಭಾಗದ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರದೊಡನೆ ವರ್ಷವಿರುತ್ತದೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್ ಅಂತ್ಯ. ಆ ಅವಧಿ ಮೀರಿದ ಸಿಲಿಂಡರನ್ನು ತೆಗೆದುಕೊಳ್ಳಬಾರದು. ಒಲೆಯ ಮುಂದೆ ನೈಲಾನ್ ಬಟ್ಟೆಗಿಂತ ಹತ್ತಿಬಟ್ಟೆ ಮೇಲು. ಪೀಠದ ಮುಂದಿನ ಮೇಣದಬತ್ತಿಯನ್ನು ಪರದೆಯಿಂದ ದೂರವಿಟ್ಟು, ಮಲಗುವ ಮುನ್ನ ಆರಿಸೋಣ. ಬಣವೆಯನ್ನು ಮನೆ, ಕೊಟ್ಟಿಗೆ, ವಿದ್ಯುತ್ ತಂತಿಗಳಿಂದ ದೂರ ಒಟ್ಟೋಣ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದರೆ ವಿಷಾನಿಲದಿಂದ ನಿದ್ದೆಯಲ್ಲೇ ಪ್ರಾಣ ಹೋಗಬಹುದು.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂ ಬಾರದು. ಅದರ ಕಿಡಿಯೇ ಸಾಕು. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಬಂದ ಮೇಲೆ 1906ಕ್ಕೆ ಕರೆ ಮಾಡಬೇಕು.

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಲೇಬಾರದು. ಉರಿಯುವ ಎಣ್ಣೆ ಸಿಡಿದು ಮೈಮೇಲೆ ಬರುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿದರೆ ಗಾಳಿ ಸಿಗದೆ ಬೆಂಕಿ ನಂದುತ್ತದೆ. ವಿದ್ಯುತ್ತಿನ ಬೆಂಕಿಯಾದರೆ ಮೊದಲು ಮೈನ್ ಸ್ವಿಚ್ ತೆಗೆಯಬೇಕು. ಬಟ್ಟೆಗೆ ಬೆಂಕಿ ತಗಲಿದವರು ಓಡಬಾರದು, ನೆಲದಲ್ಲಿ ಉರುಳಬೇಕು. ಹತ್ತಿರವಿದ್ದವರು ದಪ್ಪ ಕಂಬಳಿ ಹೊದಿಸಬೇಕು. ಹೊಗೆ ತುಂಬಿದ ಕೋಣೆಯಲ್ಲಿ ಬಗ್ಗಿ, ತೆವಳಿಕೊಂಡು ಹೊರಬರಬೇಕು. ಹೊರಬಂದವರು ಒಡವೆಗಾಗಲಿ, ದಾಖಲೆಗಾಗಲಿ ಮತ್ತೆ ಒಳಹೋಗಬಾರದು.

ಸುಟ್ಟ ಗಾಯಕ್ಕೆ ಅರಿಶಿನ, ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಬೇಡ. 20 ನಿಮಿಷ ತಣ್ಣೀರು ಹರಿಯಬಿಟ್ಟು, ಊದಿಕೊಳ್ಳುವ ಮುನ್ನ ಬಳೆ ಉಂಗುರ ತೆಗೆದು, ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು. ಬೊಬ್ಬೆ ಒಡೆಯಬಾರದು, ಅಂಟಿದ ಬಟ್ಟೆ ಕೀಳಬಾರದು. ಆಂಬುಲೆನ್ಸಿಗೆ 108, ಅಗ್ನಿಶಾಮಕ ದಳಕ್ಕೆ 101 ಅಥವಾ 112. ಊರು, ರಸ್ತೆ, ಗುರುತು, ಉರಿಯುತ್ತಿರುವುದೇನು, ಒಳಗೆ ಯಾರಿದ್ದಾರೆ ಎಂಬುದನ್ನು ನಿಧಾನವಾಗಿ ಹೇಳಿ, ಒಬ್ಬರು ಮುಖ್ಯರಸ್ತೆಯಲ್ಲಿ ನಿಂತು ದಾರಿ ತೋರಿಸಬೇಕು.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಹಡಗಿನಲ್ಲಿ ಸ್ಫೋಟವಾಗಿ, ಬೆಂಕಿ ನಂದಿಸಲು ಹೋದ 66 ಅಗ್ನಿಶಾಮಕರು ಮಡಿದರು. ಅವರ ನೆನಪಿಗೆ ಅಂದಿನಿಂದ ಒಂದು ವಾರ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರದಲ್ಲಿ ಸ್ಥಳೀಯ ಠಾಣೆಯವರನ್ನು ಕರೆಸಿ ಸಭಾಭವನದ ಅಂಗಳದಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸುವಂತೆ ವಾರ್ಡುಗಳ ಗುರಿಕಾರರಲ್ಲಿ ನಮ್ಮ ವಿನಂತಿ. ಅದಕ್ಕೂ ಮೊದಲು ಇಂದು ಸಂಜೆಯೇ ಮನೆಯವರೆಲ್ಲ ಸೇರಿ ಗ್ಯಾಸ್ ಕೊಳವೆಯನ್ನೊಮ್ಮೆ ನೋಡೋಣ. ಮನೆಯ ಚಿಕ್ಕ ಮಗುವಿಗೂ 112 ಬಾಯಿಪಾಠವಾಗಿರಲಿ.