ಏರುವ ವಿದ್ಯುತ್ತು, ಇಳಿಯುವ ಚಿತ್ರ

ಅಮೆರಿಕದ ಓಹಾಯೊ ರಾಜ್ಯದ ಒಂದು ಸಣ್ಣ ಊರಿನಲ್ಲಿ ನನ್ನ ಮಗಳೂ ಅಳಿಯಂದಿರೂ ಕೊಂಡ ಹಳೆಯ ಮನೆಯ ಮಾಡಿನ ಮೇಲೆ, ಮೀನಿನ ಮುಳ್ಳನ್ನು ಹೋಲುವ ಅಲ್ಯೂಮಿನಿಯಂ ಆಂಟೆನಾ ಒಂದೂ, ಅದರಿಂದ ಎರಡು ಮಾರು ಈಚೆಗೆ ದಕ್ಷಿಣಾಕಾಶಕ್ಕೆ ಮುಖವೆತ್ತಿದ ಡಿಶ್ ಒಂದೂ, ಒಂದೇ ಮನೆಯಲ್ಲಿ ಬಾಳುವ ಎರಡು ತಲೆಮಾರುಗಳ ಹಾಗೆ ನಿಂತಿದ್ದವು. ಎರಡರ ಕೇಬಲ್‌ಗಳೂ ಹೊರಗೋಡೆಯನ್ನು ಹಿಡಿದು ನೆಲಮಾಳಿಗೆಗೆ ಇಳಿದು, ಬೆಂಕಿಪೊಟ್ಟಣದಷ್ಟು ಗಾತ್ರದ ಲೋಹದ ಡಬ್ಬಿಯೊಂದರಲ್ಲಿ ಸಂಗಮಿಸಿ, ಅಲ್ಲಿಂದ ಒಂದೇ ಕೇಬಲ್ಲಾಗಿ ಗೋಡೆಯೊಳಗೆ ಸಾಗಿ ನಡುಮನೆಯನ್ನು ಸೇರುತ್ತಿದ್ದವು. ನಾನು ಅಲ್ಲಿಗೆ ಹೋದ ವಸಂತದಲ್ಲಿ ಡಿಶ್ಶಿನ ವಾಹಿನಿಗಳೆಲ್ಲ ನಿರ್ಮಲವಾಗಿ ಕಾಣುತ್ತಿದ್ದರೂ, ಆಂಟೆನಾ ತರಬೇಕಾದ ಸ್ಥಳೀಯ ಕೇಂದ್ರಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ವಿನೋದಕ್ಕೆ ಬಂದ ಕೊರತೆ ಮಾತ್ರವಾಗಿದ್ದರೆ ಸಹಿಸಬಹುದಾಗಿತ್ತು; ಆದರೆ ಆ ನಾಡಿನಲ್ಲಿ ವಸಂತವೆಂದರೆ ಸುಂಟರಗಾಳಿಯ ಋತು. ಮಳೆ ಬಿರುಸಾದೊಡನೆ ಡಿಶ್ಶಿಗೆ ಬರುವ ಸೂಕ್ಷ್ಮತರಂಗಗಳು ನೀರಹನಿಗಳಲ್ಲಿ ಕ್ಷೀಣಿಸಿ ಪರದೆ ಬರಿದಾಗುತ್ತದೆ. ಆ ಹೊತ್ತಿನಲ್ಲಿ ಎಚ್ಚರಿಕೆಯ ನುಡಿಯನ್ನು ಮನೆಯೊಳಗೆ ತರಬಲ್ಲುದು ಹಳೆಯ ಆಂಟೆನಾವೇ.

"ಬೂಸ್ಟರಿಗೆ ಕರೆಂಟು ಹೋಗ್ತಾನೇ ಇದೆ ಮಾವ, ಕೆಂಪು ದೀಪ ಉರೀತಿದೆ ನೋಡಿ" ಎಂದು ಅಳಿಯಂದಿರು ಟಿ.ವಿ.ಯ ಹಿಂದಿನ ಪುಟ್ಟ ಪೆಟ್ಟಿಗೆಯನ್ನು ತೋರಿಸಿದರು. ದೀಪವೇನೋ ಉರಿಯುತ್ತಿತ್ತು. ಆದರೂ ಈ ಕೂಡುಕುಟುಂಬವು ಹೇಗೆ ಏರ್ಪಟ್ಟಿತೆಂಬುದನ್ನು ಅರಿಯದೆ ಅದರ ವ್ಯಾಜ್ಯವನ್ನು ಬಿಡಿಸುವುದು ಸಾಧ್ಯವಿಲ್ಲವೆಂದು ನನಗೆ ತೋರಿತು.

ಆಂಟೆನಾದ ವಂಶಮೂಲವು ಜಪಾನಿನ ಸೆಂಡೈ ನಗರದಲ್ಲಿದೆ. ಅಲ್ಲಿಯ ತೊಹೊಕು ವಿಶ್ವವಿದ್ಯಾಲಯದ ಷಿಂಟಾರೊ ಉಡ ಮತ್ತು ಹಿಡೆಟ್ಸುಗು ಯಾಗಿ ಎಂಬ ವಿದ್ವಾಂಸರು, ತಂತಿ ಕೂಡಿಸಿದ ಒಂದು ಕಂಬಿಯ ಹಿಂದೆ ಕೊಂಚ ಉದ್ದವಾದ ಕಂಬಿಯನ್ನೂ ಮುಂದೆ ಕೊಂಚ ಗಿಡ್ಡವಾದ ಕಂಬಿಗಳ ಸಾಲನ್ನೂ ಇರಿಸಿದರೆ ಒಂದು ದಿಕ್ಕಿನ ತರಂಗಗಳು ಪ್ರಬಲವಾಗಿ ಸಂಗ್ರಹವಾಗುವುವೆಂಬುದನ್ನು 1926ರಲ್ಲಿ ಪ್ರಕಟಿಸಿದರು. 1981ರಲ್ಲಿ ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದ ಬಳಿಕ ನಮ್ಮ ಹೆಂಚಿನ ಮಾಡುಗಳ ಮೇಲೆ ಎದ್ದು ನಿಂತದ್ದೂ ಇದೇ ಮುಳ್ಳಿನ ಸಂತಾನವೇ. ಪ್ರಸಾರದ ಗೋಪುರವು ದೂರವಿದ್ದಲ್ಲಿ ಸಂಕೇತವು ಕ್ಷೀಣವಾಗಿ ಬರುತ್ತದೆ, ಕೇಬಲ್ಲಿನ ಉದ್ದಕ್ಕೂ ಅದು ಇನ್ನಷ್ಟು ಸೊರಗುತ್ತದೆ, ಟಿ.ವಿ.ಯ ಬಳಿ ಅದನ್ನು ಹಿಗ್ಗಿಸಹೊರಟರೆ ಜೊತೆಯಲ್ಲಿರುವ ಗದ್ದಲವೂ ಅಷ್ಟೇ ಹಿಗ್ಗುತ್ತದೆ. ಆದಕಾರಣ ಬೂಸ್ಟರನ್ನು ಕಂಬದ ನೆತ್ತಿಯಲ್ಲಿ, ಆಂಟೆನಾದ ಮಗ್ಗುಲಲ್ಲೇ ಕೂಡಿಸುವ ಪದ್ಧತಿ ಬಂದಿತು. ಅಷ್ಟೆತ್ತರಕ್ಕೆ ಬೇರೊಂದು ವಿದ್ಯುತ್ ತಂತಿಯನ್ನು ಎಳೆಯುವ ಬದಲು, ಚಿತ್ರವು ಇಳಿಯುವ ಕೇಬಲ್ಲಿನಲ್ಲಿಯೇ ಕೆಳಗಿನ ಪೆಟ್ಟಿಗೆಯಿಂದ ವಿದ್ಯುತ್ತನ್ನು ಮೇಲಕ್ಕೆ ಏರಿಸುವ ಉಪಾಯವನ್ನು ತಂತ್ರಜ್ಞರು ಕಂಡುಕೊಂಡರು.

ಡಿಶ್ಶಿನ ಕಥೆ ಬೇರೆ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ನೆಲದಿಂದ ನೋಡುವವರಿಗೆ ನಿಶ್ಚಲವಾಗಿ ತೋರುವುದೆಂದೂ, ಅಂಥ ಮೂರರಿಂದ ಜಗತ್ತಿಗೆಲ್ಲ ಪ್ರಸಾರ ಸಾಧ್ಯವೆಂದೂ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಬರೆದರು. ಆ ಮಾತಿನ ಫಲವನ್ನು ಮೊದಮೊದಲು ಉಂಡವರಲ್ಲಿ ಕನ್ನಡದ ಹಳ್ಳಿಗರೂ ಉಂಟು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಭಾರತದ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಕೋಳಿಗೂಡಿಗೆ ಹೊದಿಸುವ ತಂತಿಬಲೆಯಿಂದ ನಿರ್ಮಿಸಿದ ಮೂರು ಮೀಟರ್ ಅಗಲದ ಡಿಶ್ಶುಗಳು ಬಯಲುಸೀಮೆಯ ಬಿಸಿಲಿನಲ್ಲಿ ಆಗಸವನ್ನು ನೋಡುತ್ತ ನಿಂತಿದ್ದವು. 1976ರಲ್ಲಿ ಸ್ಟ್ಯಾನ್‌ಫರ್ಡಿನ ಪ್ರಾಧ್ಯಾಪಕ ಟೇಲರ್ ಹೊವರ್ಡರು ಕ್ಯಾಲಿಫೋರ್ನಿಯದ ತಮ್ಮ ಮನೆಯಂಗಳದಲ್ಲಿ ಸ್ವಂತಕ್ಕೆಂದು ಡಿಶ್ ಕಟ್ಟಿಕೊಂಡರು. 1994ರಲ್ಲಿ ಡೈರೆಕ್‌ಟಿವಿ ಸೇವೆ ಆರಂಭವಾದಾಗ ಡಿಶ್ಶು ಹದಿನೆಂಟು ಅಂಗುಲಕ್ಕೆ ಕುಗ್ಗಿ, ಸಾಮಾನ್ಯ ಗೃಹಸ್ಥರ ಮಾಡನ್ನು ಏರಿತು.

ಇಷ್ಟಾದರೂ ಆಂಟೆನಾ ಏಕೆ ಇಳಿಯಲಿಲ್ಲ? ಆ ಹೊಸ ಡಿಶ್ಶು ದೇಶಕ್ಕೆಲ್ಲ ಸಾಮಾನ್ಯವಾದ ವಾಹಿನಿಗಳನ್ನು ತರುತ್ತಿತ್ತಲ್ಲದೆ ಆಯಾ ಊರಿನ ಕೇಂದ್ರಗಳನ್ನು ತರುತ್ತಿರಲಿಲ್ಲ. ಅದಕ್ಕೆ ಕಾನೂನಿನ ದಾರಿ ಸುಗಮವಾದದ್ದು 1999ರಲ್ಲಿ. ಅಲ್ಲಿಯವರೆಗೆ ಊರ ಸುದ್ದಿಯನ್ನೂ ಹವೆಯ ವರ್ತಮಾನವನ್ನೂ ಬಯಸಿದವರು ಎರಡನ್ನೂ ಇಟ್ಟುಕೊಳ್ಳಬೇಕಾಯಿತು. ಗೋಡೆಯೊಳಗೆ ಕೇಬಲ್ಲು ಮಾತ್ರ ಒಂದೇ. ಪುಣ್ಯವಶಾತ್ ಎರಡು ಸಂಕೇತಗಳೂ ಪರಸ್ಪರ ತಾಗದೆ ಸಾಗಬಲ್ಲವು: ನೆಲದ ಪ್ರಸಾರವು ಆಗ 54ರಿಂದ 806 ಮೆಗಾಹರ್ಟ್ಸ್‌ವರೆಗೆ ಇದ್ದರೆ, ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿಯು ಉಪಗ್ರಹದ ತರಂಗಗಳನ್ನು 950ರಿಂದ 1450 ಮೆಗಾಹರ್ಟ್ಸ್‌ಗೆ ತಗ್ಗಿಸಿ ಕಳುಹುತ್ತಿತ್ತು. ಇವುಗಳನ್ನು ಕೆಳಗೊಮ್ಮೆ ಕೂಡಿಸಿ ಮೇಲೊಮ್ಮೆ ಬೇರ್ಪಡಿಸುವ ಡಬ್ಬಿಯೇ ಡಿಪ್ಲೆಕ್ಸರ್. ಮನೆಯೊಂದಕ್ಕೆ ಅಂಥವು ಎರಡು ಬೇಕು.

ಚಿತ್ರಗಳು ಸೌಹಾರ್ದದಿಂದ ಇಳಿದವು; ತೊಡಕಾದದ್ದು ಏರುವ ವಿದ್ಯುತ್ತಿಗೆ. ಎಲ್‌ಎನ್‌ಬಿಗೂ ವಿದ್ಯುತ್ತು ಬೇಕು. ಡಿಶ್ಶಿನ ರಿಸೀವರು 13 ಅಥವಾ 18 ವೋಲ್ಟನ್ನು ಇದೇ ಕೇಬಲ್ಲಿನಲ್ಲಿ ಮೇಲಕ್ಕೆ ಅಟ್ಟುತ್ತದೆ. ಈ ವಿದ್ಯುತ್ತು ದಾರಿ ತಪ್ಪಿ ಸಾಮಾನ್ಯ ಆಂಟೆನಾದ ಸುರುಳಿಗೆ ಹೊಕ್ಕರೆ ಷಾರ್ಟ್ ಸರ್ಕ್ಯೂಟ್ ಆಗುವುದರಿಂದ, ಡಿಪ್ಲೆಕ್ಸರನ್ನು ರಚಿಸಿದವರು ಡಿಶ್ಶಿನ ಬಾಗಿಲಲ್ಲಿ ವಿದ್ಯುತ್ತಿಗೆ ದಾರಿ ಬಿಟ್ಟು, ಆಂಟೆನಾದ ಬಾಗಿಲಲ್ಲಿ ಅದನ್ನು ತಡೆದರು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾವಿಬ್ಬರೂ ಪರೀಕ್ಷೆಗೆ ತೊಡಗಿದೆವು. ಹಿಂದಿನ ಕಾಲದಲ್ಲಾದರೆ ಮಸುಕಾದ ಚಿತ್ರವೋ ಚುಕ್ಕೆಗಳ ಮಳೆಯೋ ಕಂಡು ಕೊಂಚ ಸುಳಿವು ದೊರೆಯುತ್ತಿತ್ತು. 2009ರ ಜೂನ್ 12ರಂದು ಅಲ್ಲಿಯ ಪೂರ್ಣಶಕ್ತಿಯ ಕೇಂದ್ರಗಳೆಲ್ಲ ಡಿಜಿಟಲ್ ಆದ ಮೇಲೆ, ಸಂಕೇತವು ಒಂದು ಮಟ್ಟಕ್ಕಿಂತ ಇಳಿದರೆ ಪರದೆಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಒಂದು ಸಣ್ಣ ಟಿ.ವಿ.ಯನ್ನೂ ಬೂಸ್ಟರಿನ ವಿದ್ಯುತ್ ಪೆಟ್ಟಿಗೆಯನ್ನೂ ನೆಲಮಾಳಿಗೆಗೆ ಒಯ್ದು, ಡಿಪ್ಲೆಕ್ಸರಿನಿಂದ ಆಂಟೆನಾದ ಕೇಬಲ್ಲನ್ನು ಬಿಡಿಸಿ ನೇರವಾಗಿ ಕೂಡಿಸಿದೆವು. ಕೇಂದ್ರಗಳೆಲ್ಲ ಕಾಣಿಸಿಕೊಂಡವು. ಆಂಟೆನಾ, ಬೂಸ್ಟರ್, ಪೆಟ್ಟಿಗೆ ಮೂರೂ ನಿರ್ದೋಷಿಗಳೆಂದಾಯಿತು. ಪೆಟ್ಟಿಗೆಯನ್ನು ಮೊದಲಿನಂತೆ ಟಿ.ವಿ.ಯ ಹಿಂದೆ ಇಟ್ಟು ಮೀಟರು ಹಿಡಿದಾಗ ಅದರ ಬಾಯಲ್ಲಿ 15 ವೋಲ್ಟ್. ನೆಲಮಾಳಿಗೆಯ ಡಿಪ್ಲೆಕ್ಸರಿನ ಆಂಟೆನಾ ಬಾಗಿಲಲ್ಲಿ ಸೊನ್ನೆ. ದೀಪವನ್ನು ಉರಿಸಿದ ವಿದ್ಯುತ್ತು ನಡುಮನೆಯ ಡಿಪ್ಲೆಕ್ಸರನ್ನೇ ದಾಟಿರಲಿಲ್ಲ.

ಆಗ ಅಳಿಯಂದಿರಿಗೆ ನೆನಪಾಯಿತು: ಮನೆಗೆ ಬಂದ ಹೊಸದರಲ್ಲಿ ನೆಲಮಾಳಿಗೆಯನ್ನು ಗುಡಿಸುವಾಗ ಆ ಪೆಟ್ಟಿಗೆ ಅಲ್ಲಿಯೇ ಇತ್ತು, ಟಿ.ವಿ.ಯ ಬಳಿ ಇಡಬೇಕೆಂದು ಬೂಸ್ಟರಿನ ಕೈಪಿಡಿಯಲ್ಲಿ ಓದಿ ಅವರೇ ಮೇಲಕ್ಕೆ ತಂದಿದ್ದರು. ಆಂಟೆನಾ ಒಂದೇ ಇರುವ ಮನೆಗೆ ಆ ಮಾತು ಸರಿ. ಡಿಶ್ಶಿನೊಡನೆ ಕೇಬಲ್ಲನ್ನು ಹಂಚಿಕೊಂಡ ಮನೆಯಲ್ಲಿ ಪೆಟ್ಟಿಗೆಯ ಸ್ಥಾನವು ಆಂಟೆನಾಕ್ಕೂ ಮೊದಲ ಡಿಪ್ಲೆಕ್ಸರಿಗೂ ನಡುವೆ. ಹಿಂದಿನ ಮನೆಯೊಡೆಯ ಅದನ್ನು ತಿಳಿದೇ ಅಲ್ಲಿಟ್ಟಿದ್ದನು. ಆದರೆ ಆ ತಿಳಿವಳಿಕೆ ಮನೆಯೊಡನೆ ಕೈಬದಲಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಕೆಡುವ ಎಷ್ಟೋ ಯಂತ್ರಗಳ ವಿಷಯದಲ್ಲಿ ನಡೆಯುವುದು ಇದೇ ಎಂದು ನಾನು ನಂಬಿದ್ದೇನೆ: ಉಪಕರಣಗಳು ಒಬ್ಬರಿಂದೊಬ್ಬರಿಗೆ ದಾಟುತ್ತವೆ, ಅವುಗಳನ್ನು ಹಾಗೆಯೇ ಏಕೆ ಜೋಡಿಸಲಾಯಿತೆಂಬ ಕಾರಣವು ದಾಟುವುದಿಲ್ಲ.

ಪೆಟ್ಟಿಗೆಯನ್ನು ನೆಲಮಾಳಿಗೆಯ ಹಳೆಯ ಮೊಳೆಗೆ ತೂಗುಹಾಕಿ, ಹಗ್ಗದ ತುಂಡಿನಿಂದ ಒಂದು ರಟ್ಟಿನ ಚೀಟಿಯನ್ನು ಅದಕ್ಕೆ ಕಟ್ಟಿದೆವು. ಯಾವ ಕೇಬಲ್ಲು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಈ ಪೆಟ್ಟಿಗೆ ಏಕೆ ಇಲ್ಲಿಯೇ ಇರಬೇಕು ಎಂಬುದನ್ನು ಮಗಳು ತನ್ನ ದುಂಡನೆಯ ಅಕ್ಷರಗಳಲ್ಲಿ ಬರೆದಳು. ಮುಂದಿನ ವಾರದ ಒಂದು ಸಂಜೆ ಮಳೆ ಹೊಡೆದು ಡಿಶ್ಶಿನ ಪರದೆ ಬರಿದಾದಾಗ, ಊರ ಕೇಂದ್ರದ ಭೂಪಟದಲ್ಲಿ ಬಿರುಗಾಳಿಯು ನಮ್ಮ ಜಿಲ್ಲೆಯನ್ನು ಬಿಟ್ಟು ಉತ್ತರಕ್ಕೆ ಸರಿಯುತ್ತಿರುವುದನ್ನು ಮನೆಮಂದಿಯೆಲ್ಲ ಕುಳಿತು ನೋಡಿದೆವು.